ಅಟ್ಟದ ಹಲಗೆ ಓದಿ ನಮ್ಮ ಸಾಮಿಲ್ ಊರಿನ ಚರಿತ್ರೆ ಬರೆದದ್ದು: ನನ್ನ ಅನುಭವ

ಸಾಮಿಲ್, ಅಂದರೆ ಮರ ಕೊಯ್ಯುವ ಮಿಲ್ಲಿನ ಸುತ್ತ ಬೆಳೆದ ನಮ್ಮೂರಿನ ಚರಿತ್ರೆ ಕೊನೆಗೂ ಅಚ್ಚಾಗಿ ಕೈಗೆ ಬಂತು. ನೂರು ಪುಟವೂ ಇಲ್ಲದ ಸಣ್ಣ ಪುಸ್ತಕ. ಆದರೆ ಬರೆದ ರೀತಿ ಕೇಳಿ ನಕ್ಕವರೇ ಜಾಸ್ತಿ. "ಹಲಗೆ ಮೇಲಿನ ಗೀರು ನೋಡಿ ಇತಿಹಾಸ ಬರೀತಾನಂತೆ" ಅಂತ ಊರ ಚರಿತ್ರೆ ಬರೆಯುವ ನಮ್ಮ ಬಳಗದಲ್ಲೇ ಆಡಿಕೊಂಡರು. ಈಗ ಅದೇ ಬಳಗದ ಒಂದಿಬ್ಬರು ತಮ್ಮ ಊರಿನಲ್ಲಿ ಅಟ್ಟ ಹತ್ತಿ ಟಾರ್ಚ್ ಬಿಡುತ್ತಿದ್ದಾರೆ. ರಾತ್ರಿ ಹತ್ತು ಗಂಟೆಗೆ ಫೋಟೊ ಕಳಿಸಿ "ಇದು ಯಾವ ಗರಗಸ?" ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಅನ್ನಿಸಿತು. ಗೆಜೆಟಿಯರ್ (ಜಿಲ್ಲೆಯ ಸರ್ಕಾರಿ ವಿವರ ಪುಸ್ತಕ) ಎಲ್ಲಿ ಸಿಗುತ್ತದೆ, ಪಹಣಿ ಓದುವುದು ಹೇಗೆ ಅಂತೆಲ್ಲ ಇಲ್ಲಿ ಹೇಳುವುದಿಲ್ಲ. ಅದು ನಿಮಗೆ ಗೊತ್ತು.

ಊರು ಇರುವುದು ಉತ್ತರ ಕನ್ನಡದಲ್ಲಿ, ಅಳ್ನಾವರದಿಂದ ದಾಂಡೇಲಿಗೆ ಹೋಗುವ ರೈಲು ಹಳಿಯ ಆಸುಪಾಸು. ಹೆಸರು ಬೇಡ. ಅರ್ಧ ಮನೆಗಳಿಗೆ ಇನ್ನೂ ಹಕ್ಕುಪತ್ರ ಇಲ್ಲ, ಅರಣ್ಯದ ಗಡಿಕಲ್ಲು ಕೆಲವರ ಹಿತ್ತಲಲ್ಲೇ ಇದೆ. ಯಾವ ಮನೆ ಯಾವಾಗ ಕಟ್ಟಿದ್ದು ಅಂತ ನಾನು ಬರೆದದ್ದನ್ನು ನಾಳೆ ಯಾರಾದರೂ ಕಡತಕ್ಕೆ ಸೇರಿಸಿದರೆ ಬಯ್ಯಿಸಿಕೊಳ್ಳುವವನು ನಾನೇ. ಪುಸ್ತಕದಲ್ಲೂ ಮನೆಗಳಿಗೆ ಅಕ್ಷರ ಕೊಟ್ಟಿದ್ದೇನೆ, ಹೆಸರಿಲ್ಲ.

ಈ ಸೀಮೆಯ ದಾಖಲೆಗಳ ಪಾಡು ಹೇಗಿದೆ ಅಂದರೆ, 1862ರವರೆಗೆ ಮದ್ರಾಸಿಗೆ ಸೇರಿತ್ತು, ಆಮೇಲೆ ಮುಂಬಯಿಗೆ, 1956ರ ನವೆಂಬರ್‌ನಿಂದ ಮೈಸೂರಿಗೆ. ಕಾಗದ ಮೂರು ರಾಜಧಾನಿಗೆ ಹಂಚಿಹೋಗಿದೆ. 1883ರ ಕೆನರಾ ಗೆಜೆಟಿಯರ್‌ನಲ್ಲಿ ಕಾಡಿನ ವಿಚಾರ ಬೇಕಾದಷ್ಟಿದೆ, ನಮ್ಮೂರು ಇಲ್ಲ. ಇರಲು ಸಾಧ್ಯವೂ ಇಲ್ಲ, ಆಗ ಊರೇ ಇರಲಿಲ್ಲ. ಮುಂಬಯಿ ಪ್ರಾಂತ್ಯದ ಅರಣ್ಯ ಇಲಾಖೆಯ ವಾರ್ಷಿಕ ವರದಿಗಳು ಬಂಗಾರ ಅಂತ ಎಲ್ಲರೂ ಹೇಳಿದರು. ಬಂಗಾರವೇ, ಆದರೆ ಅದರಲ್ಲಿರುವುದು ಘನ ಅಡಿ ಮತ್ತು ರೂಪಾಯಿ. ಎಷ್ಟು ತೇಗ ಹೋಯಿತು ಅಂತ ಗೊತ್ತಾಗುತ್ತದೆ, ಅದನ್ನು ಕೊಯ್ದವರು ಎಲ್ಲಿ ಮಲಗುತ್ತಿದ್ದರು ಅಂತ ಗೊತ್ತಾಗುವುದಿಲ್ಲ. ಜನಗಣತಿಯದ್ದೂ ಅದೇ ಕಥೆ. ಅದು ಕಂದಾಯ ಗ್ರಾಮದ ಲೆಕ್ಕ ಕೊಡುತ್ತದೆ. ನಮ್ಮದು ಕಂದಾಯ ಗ್ರಾಮವಲ್ಲ, ಪಕ್ಕದ ಗ್ರಾಮದ ಹೊಟ್ಟೆಯೊಳಗಿರುವ ಕೇರಿ.

ಮುಂಬಯಿಗೂ ಹೋಗಿ ಬಂದೆ. ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ಸರ್ಕಾರದ ಪತ್ರಾಗಾರದಲ್ಲಿ ಕೂತು ಕಡತ ತಿರುವಿದೆ. ಊಟ, ವಸತಿ, ರೈಲು, ಪ್ರತಿ ಮಾಡಿಸಿದ್ದು ಎಲ್ಲ ಸೇರಿ ಹದಿನೈದು ಸಾವಿರದ ಹತ್ತಿರ ಹೋಯಿತು. ಸಿಕ್ಕಿದ್ದು ಮರದ ದರ, ಸಾಗಣೆ, ರೈಲು ಹಳಿಯ ಅಡಿಗೆ ಹಾಕುವ ಸ್ಲೀಪರ್ ಮರದ ಗುತ್ತಿಗೆ. ಊರು ಸಿಗಲಿಲ್ಲ. ಇಲ್ಲಿಯ ಒಂದು ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಹಳೆಯ ಲೈಸೆನ್ಸ್ ಕಡತ ಕೇಳಿದೆ. "ಕಡತ ಲಭ್ಯವಿಲ್ಲ" ಅಂತ ಒಂದು ಸಾಲು ಬಂತು. ಮೇಲ್ಮನವಿ ಹಾಕಿದೆ, ಅದೇ ಸಾಲು ದೊಡ್ಡ ಅಧಿಕಾರಿಯ ಸಹಿಯಲ್ಲಿ ಬಂತು. ಶಾಲೆಯ ದಾಖಲಾತಿ ಪುಸ್ತಕದ ಮೇಲೆ ಬಹಳ ಆಸೆ ಇಟ್ಟಿದ್ದೆ. ತಂದೆಯ ಉದ್ಯೋಗದ ಕಾಲಂ ಇರುತ್ತದಲ್ಲ. ಪುಟಗಟ್ಟಲೆ ಒಂದೇ ಶಬ್ದ: ಕೂಲಿ. ಗರಗಸ ಎಳೆಯುವವನೂ ಕೂಲಿ, ಬಾಯ್ಲರಿಗೆ ಸೌದೆ ಹಾಕುವವನೂ ಕೂಲಿ, ಬ್ಲೇಡಿಗೆ ಸಾಣೆ ಹಿಡಿಯುವ ಮೇಸ್ತ್ರಿಯೂ ಕೂಲಿ.

ಹಿರಿಯರನ್ನು ಕೇಳಲಿಲ್ಲವೇ ಅಂದರೆ, ಕೇಳಿದೆ. ಫೋನಿನಲ್ಲಿ ಗಂಟೆಗಟ್ಟಲೆ ರೆಕಾರ್ಡ್ ಇದೆ. ಕಥೆ ಚೆನ್ನಾಗಿರುತ್ತದೆ, ಇಸವಿ ಇರುವುದಿಲ್ಲ. ಎಲ್ಲವೂ "ಬ್ರಿಟಿಷರ ಕಾಲದಲ್ಲಿ". ಇಬ್ಬರು ಅಣ್ಣತಮ್ಮಂದಿರು ಒಂದೇ ಮಿಲ್ಲಿನ ಬಗ್ಗೆ ಮೂವತ್ತು ವರ್ಷ ಹಿಂದೆ ಮುಂದೆ ಹೇಳಿದರು. ಇದರ ಮೇಲೆ ಪುಸ್ತಕ ಬರೆದರೆ ಜಾತ್ರೆಯ ಸ್ಮರಣ ಸಂಚಿಕೆ ಆಗುತ್ತದೆ ಅಷ್ಟೇ.

ಹಾಗಾಗಿ ಜನ ಬಿಟ್ಟು ಮರದ ಹಿಂದೆ ಬಿದ್ದೆ. ಸಾಮಿಲ್ ಊರಿನಲ್ಲಿ ಮನೆ ಕಟ್ಟಿದ್ದು ಮಿಲ್ಲಿನ ಹಲಗೆಯಿಂದಲೇ ತಾನೆ? ಮುಂಭಾಗದ ಹಲಗೆಗೆ ಕೀಸುಳಿ ಹೊಡೆದಿರುತ್ತಾರೆ, ಬಣ್ಣ ಬಳಿದಿರುತ್ತಾರೆ. ಅಟ್ಟದ ಹಲಗೆಯ ಅಡಿಭಾಗ, ಕೊಟ್ಟಿಗೆಯ ಮರೆ, ದನದ ಬಾಗಿಲಿನ ಹಿಂದೆ ಯಾರೂ ಕೀಸುಳಿ ಹೊಡೆಯುವುದಿಲ್ಲ. ಗರಗಸದ ಹಲ್ಲಿನ ಗುರುತು ಹಾಗೇ ಉಳಿದಿರುತ್ತದೆ.

ಗುಂಡಿ ಗರಗಸದ್ದು ಮೊದಲು. ಗುಂಡಿ ತೋಡಿ, ದಿಮ್ಮಿ ಅಡ್ಡ ಇಟ್ಟು, ಒಬ್ಬ ಮೇಲೆ ಒಬ್ಬ ಕೆಳಗೆ ನಿಂತು ಎಳೆದದ್ದು. ಗೀರು ನೇರ, ಆದರೆ ಅಂತರ ಸಮ ಇಲ್ಲ. ನಾಲ್ಕು ಎಳೆತ ಒಂದು ಓರೆಯಲ್ಲಿ ಹೋಗುತ್ತದೆ, ಕೆಳಗಿನವನು ಕಾಲು ಬದಲಿಸಿದಾಗ ಐದನೆಯದು ಬೇರೆ ಓರೆ. ಎರಡನೆಯದು ಚಕ್ರ ಗರಗಸ, ನಮ್ಮ ಕಡೆ ಸರ್ಕ್ಯುಲರ್ ಅನ್ನುತ್ತಾರೆ. ಇದರ ಗೀರು ಬಾಗಿರುತ್ತದೆ, ಬಳೆ ಚೂರುಗಳನ್ನು ಸಾಲಾಗಿ ಜೋಡಿಸಿದ ಹಾಗೆ. ಮೂರನೆಯದು ಬ್ಯಾಂಡ್‌ಸಾ, ಪಟ್ಟಿಯಂಥ ತೆಳು ಬ್ಲೇಡು ಎರಡು ಗಾಲಿಗಳ ಮೇಲೆ ಸುತ್ತುವ ಗರಗಸ. ಗೀರು ನೇರ, ಅಂತರ ಸಮ, ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ತೆರ. ಗುಂಡಿ ಗರಗಸಕ್ಕೂ ಬ್ಯಾಂಡ್‌ಸಾಗೂ ಹೊಸಬರು ಗಲಿಬಿಲಿ ಆಗುತ್ತಾರೆ. ಒಂದು ಅಡಿಯೊಳಗಿನ ಗೀರು ಎಣಿಸಿ, ಪಕ್ಕದ ಅಡಿಯಲ್ಲೂ ಎಣಿಸಿ. ಎರಡೂ ಹತ್ತಿರಹತ್ತಿರ ಬಂದರೆ ಯಂತ್ರ, ಇಲ್ಲದಿದ್ದರೆ ಮನುಷ್ಯ.

ಟಾರ್ಚನ್ನು ಹಲಗೆಗೆ ನೇರ ಬಿಟ್ಟರೆ ಏನೂ ಕಾಣುವುದಿಲ್ಲ. ಹಲಗೆಗೆ ತಾಗಿಸಿ ಪಕ್ಕದಿಂದ ಬಿಡಬೇಕು. ತೆಳು ಕಾಗದ ಇಟ್ಟು ಇದ್ದಿಲಿನಿಂದ ಉಜ್ಜಿ ಅಚ್ಚು ತೆಗೆಯಬೇಕು, ಫೋಟೊ ಸಾಲದು. ಅಡುಗೆಮನೆ ಮೇಲಿನ ಅಟ್ಟದಲ್ಲಿ ಎಪ್ಪತ್ತು ಎಂಬತ್ತು ವರ್ಷದ ಮಸಿ ಕೂತಿರುತ್ತದೆ, ಅದನ್ನು ಕೆರೆದರೆ ಗೀರೂ ಹೋಗುತ್ತದೆ. ಮಸಿ ಇದ್ದ ಹಾಗೇ ಅಚ್ಚು ತೆಗೆಯಲು ನನ್ನದೊಂದು ಉಪಾಯ ಇದೆ. ಅದಕ್ಕೆ ಬೇಕಾದದ್ದು ಎಲ್ಲ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಇಷ್ಟು ಹೇಳಿದರೆ ಸಾಕು, ಸದ್ಯಕ್ಕೆ ಅದು ನನ್ನ ಹತ್ತಿರವೇ ಇರಲಿ.

ಬಾಗಿದ ಗೀರಿನಿಂದ ಬ್ಲೇಡಿನ ಅಗಲ, ಅಂದರೆ ವ್ಯಾಸ, ತೆಗೆಯಬಹುದು. ಇಲ್ಲಿಂದಲೇ ಕೆಲಸ ರುಚಿ ಹತ್ತಿದ್ದು. ಒಂದೇ ಗೀರಿನ ಎರಡು ತುದಿಗೆ ದಾರ ಎಳೆಯಿರಿ. ದಾರ ಹನ್ನೆರಡು ಇಂಚು ಅನ್ನಿ. ನಡುವೆ ಗೀರು ದಾರದಿಂದ ಎಷ್ಟು ದೂರ ಉಬ್ಬಿದೆ ಅಳೆಯಿರಿ. ದಾರದ ಉದ್ದವನ್ನು ಅದರಿಂದಲೇ ಗುಣಿಸಿ, ಉಬ್ಬಿನ ಎಂಟರಷ್ಟರಿಂದ ಭಾಗಿಸಿ, ಉಬ್ಬಿನ ಅರ್ಧ ಕೂಡಿಸಿ. ಅದು ತ್ರಿಜ್ಯ. ಉಬ್ಬು ಒಂದು ಇಂಚು ಇದ್ದರೆ ಹದಿನೆಂಟೂವರೆ ಬರುತ್ತದೆ, ಇಮ್ಮಡಿ ಮಾಡಿದರೆ 37, ಅಂದರೆ ಹೆಚ್ಚುಕಡಿಮೆ 36 ಇಂಚಿನ ಬ್ಲೇಡು. ಮುಕ್ಕಾಲು ಇಂಚು ಇದ್ದರೆ ಇಪ್ಪತ್ನಾಲ್ಕರ ಮೇಲೆ ಚೂರು, ಅಂದರೆ 48 ಇಂಚಿನದು. ನಮ್ಮೂರಿನ ಬಾಗಿದ ಗೀರುಗಳೆಲ್ಲ ಹೆಚ್ಚುಕಡಿಮೆ ಈ ಎರಡು ಗುಂಪಿಗೆ ಬಿದ್ದವು.

ಬ್ಲೇಡು ಸಾಣೆ ಹಿಡಿದ ಹಾಗೆ ಸವೆಯುತ್ತದಲ್ಲ, ಅದನ್ನು ಹಿಡಿದು ಮನೆಗಳನ್ನು ವರ್ಷದ ಲೆಕ್ಕಕ್ಕೆ ಜೋಡಿಸೋಣ ಅಂತ ಒಂದು ಮಳೆಗಾಲ ಪೂರ್ತಿ ಕೂತೆ. ಆಗಲಿಲ್ಲ. ಉಬ್ಬಿನ ಅಳತೆಯಲ್ಲಿ ಇಂಚಿನ ಹದಿನಾರನೇ ಒಂದು ಭಾಗ ಆಚೀಚೆ ಆದರೆ ಬ್ಲೇಡಿನ ಅಗಲದಲ್ಲಿ ಎರಡರಿಂದ ನಾಲ್ಕು ಇಂಚು ಹೆಚ್ಚುಕಡಿಮೆ ಬರುತ್ತದೆ. ಸವೆತದ ಲೆಕ್ಕ ಆ ತಪ್ಪಿನೊಳಗೇ ಮುಳುಗಿಹೋಗುತ್ತದೆ. ದಾರ ಉದ್ದ ಇದ್ದರೆ ತಪ್ಪು ಕಡಿಮೆ, ಆದರೆ ಹಲಗೆ ಅಗಲ ಇದ್ದಷ್ಟೇ ದಾರ. ಹದಿನೆಂಟು ಇಂಚಿನ ಹಲಗೆ ಯಾರ ಮನೆಯ ಅಟ್ಟದಲ್ಲಿರುತ್ತದೆ? ಅದೆಲ್ಲ ರೈಲು ಹತ್ತಿ ಹೋಗಿದೆ.

ಆದರೆ ಆ ಮಳೆಗಾಲ ದಂಡವಾಗಲಿಲ್ಲ. ಅಚ್ಚುಗಳನ್ನು ಪಕ್ಕಪಕ್ಕ ಹಾಸಿಕೊಂಡು ನೋಡುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಕೆಲವು ಹಲಗೆಯಲ್ಲಿ ಪ್ರತಿ ಮುಕ್ಕಾಲು ಇಂಚಿಗೊಂದು ಆಳದ ಗೀರು, ಅದರ ಹಿಂದೆಯೇ ಕೂದಲೆಳೆಯಷ್ಟು ಅಂತರದಲ್ಲಿ ಇನ್ನೊಂದು. ಬ್ಲೇಡಿನಲ್ಲಿ ಒಂದು ಹಲ್ಲು ಹೊರಗೆ ಬಾಗಿದ್ದರೆ, ಪಕ್ಕದ್ದು ಮುರಿದಿದ್ದರೆ ಹೀಗಾಗುತ್ತದೆ. ಸುತ್ತಿಗೊಮ್ಮೆ ಅದೇ ಹಲ್ಲು ಬಂದು ಅದೇ ಗೀರು ಹಾಕುತ್ತದೆ. ಮಿಲ್ಲಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಜಂಬೆ ಅಥವಾ ಮತ್ತಿ ಕೊಯ್ಯುವಾಗ ಬ್ಲೇಡು ದಿನಕ್ಕೆ ಎರಡು ಮೂರು ಸಲ ಸಾಣೆಗೆ ಹೋಗುತ್ತದೆ. ಸಾಣೆಯ ಮೇಸ್ತ್ರಿ ಮೊದಲು ಸರಿ ಮಾಡುವುದೇ ಬಾಗಿದ ಹಲ್ಲನ್ನು. ಅಂದರೆ ಒಂದೇ ಜೋಡಿ ಗೀರು ಎರಡು ಮನೆಯಲ್ಲಿ ಸಿಕ್ಕಿದರೆ, ಆ ಹಲಗೆಗಳು ಒಂದೇ ಮಿಲ್ಲಿನಲ್ಲಿ, ಬಹುಶಃ ಒಂದೇ ಹೊತ್ತಿನಲ್ಲಿ ಕೊಯ್ದವು.

ಊರಿನ ಕೆಳಗಿನ ಸಾಲಿನ ಏಳು ಮನೆಯಲ್ಲಿ ಅದೇ ಜೋಡಿ ಗೀರು ಇದೆ.

ಊರಿನಲ್ಲಿ ಎಲ್ಲರೂ ನಂಬಿದ್ದೇನೆಂದರೆ, ಆ ಏಳು ಮನೆ ಏಳು ಕುಟುಂಬದವರು ತಾವಾಗಿ ಒಬ್ಬರ ಹಿಂದೆ ಒಬ್ಬರು ಬಂದು ಕಟ್ಟಿಕೊಂಡದ್ದು. ಅಲ್ಲ. ಅದು ಮಿಲ್ಲಿನವರು ಕೆಲಸದವರಿಗೆ ಅಂತ ಸಾಲಾಗಿ ಒಂದೇ ಸಲ ಕಟ್ಟಿಸಿದ ಲೈನ್ ಮನೆ. ಇದನ್ನು ಹೇಳಿದಾಗ ಒಂದು ಮನೆಯವರು ನನಗೆ ಚಹಾ ಕೊಡುವುದನ್ನೇ ನಿಲ್ಲಿಸಿದರು. ಅವರಜ್ಜ ಕೈಯಾರೆ ಕಟ್ಟಿದ ಮನೆ ಅಂತ ಅವರ ಹೆಮ್ಮೆ. ಆಮೇಲೆ ಮಿಲ್ಲಿನ ವಹಿ, ಅಂದರೆ ಲೆಕ್ಕದ ಪುಸ್ತಕ ಸಿಕ್ಕಿತು, ಅದರಲ್ಲಿ ಲೈನಿನ ಖರ್ಚು ಒಟ್ಟಿಗೆ ಬರೆದಿತ್ತು. ಚಹಾ ಮಾತ್ರ ಇನ್ನೂ ಶುರುವಾಗಿಲ್ಲ.

ಗೀರು ಕೊಡುವುದು ಕ್ರಮ ಮಾತ್ರ: ಇದು ಮೊದಲು, ಅದು ಆಮೇಲೆ. ಇಸವಿಗೆ ಬೇರೆ ಗೂಟ ಬೇಕು. ನನಗೆ ಮೂರು ಸಿಕ್ಕವು.

ಒಂದು ಕಬ್ಬಿಣ. ಹಳೇ ಮಿಲ್ಲಿನ ಜಾಗದಲ್ಲಿ ಲಂಟಾನ ಪೊದೆಯೊಳಗೆ ಸ್ಟೀಮ್ ಇಂಜಿನ್ನಿನ ಅರ್ಧ ದೇಹ ಬಿದ್ದಿತ್ತು. ಗುಜರಿಯವರು ತಾಮ್ರ ಹಿತ್ತಾಳೆ ಎಲ್ಲ ಒಯ್ದಿದ್ದರೂ ಎರಕದ ಮೇಲೆ ಮಾರ್ಷಲ್, ಗೇನ್ಸ್‌ಬರೊ ಅಂತ ಓದಲು ಬರುತ್ತಿತ್ತು, ಪಕ್ಕದಲ್ಲಿ ನಂಬರು. ಇಂಗ್ಲೆಂಡಿನ ಈ ಕಂಪನಿಯ ಇಂಜಿನ್ನುಗಳನ್ನು ನಂಬರ್ ಹಿಡಿದು ವರ್ಷ ಹೇಳುವ ಹವ್ಯಾಸಿಗಳು ಅಲ್ಲಿ ಇದ್ದಾರೆ, ಬರೆದರೆ ಉತ್ತರ ಕೊಡುತ್ತಾರೆ. ಬ್ಯಾಂಡ್‌ಸಾದ ಮೇಲೆ ಥಾಮಸ್ ರಾಬಿನ್ಸನ್, ರಾಚ್‌ಡೇಲ್. ಒಂದು ಎಚ್ಚರ: ಆ ನಂಬರು ಯಂತ್ರ ಹುಟ್ಟಿದ ವರ್ಷ ಹೇಳುತ್ತದೆ, ನಮ್ಮೂರಿಗೆ ಬಂದ ವರ್ಷ ಅಲ್ಲ. ಇಂಥ ಯಂತ್ರ ಎರಡು ಮೂರು ಕೈ ದಾಟಿಯೇ ಕಾಡಿಗೆ ಬರುತ್ತಿದ್ದದ್ದು. ಆದರೂ "ಇದಕ್ಕಿಂತ ಮೊದಲು ಸಾಧ್ಯವಿಲ್ಲ" ಅನ್ನುವ ಗೆರೆ ಸಿಗುತ್ತದೆ, ಅದು ದೊಡ್ಡದು.

ಎರಡು ಹಂಚು. ಮಂಗಳೂರು ಹಂಚಿನ ಅಡಿಗೆ ಕಾರ್ಖಾನೆ ಹೆಸರಿರುತ್ತದೆ. ಜರ್ಮನ್–ಸ್ವಿಸ್ ಪಾದ್ರಿಗಳ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚು ಶುರು ಮಾಡಿತು. ಮೊದಲ ಮಹಾಯುದ್ಧದಲ್ಲಿ ಅದನ್ನು ಶತ್ರುಗಳ ಆಸ್ತಿ ಅಂತ ಸರ್ಕಾರ ವಶಕ್ಕೆ ತೆಗೆದುಕೊಂಡಿತು, ಆಮೇಲೆ ಅದು ಕಾಮನ್‌ವೆಲ್ತ್ ಟ್ರಸ್ಟ್ ಆಯಿತು. ಹಾಗಾಗಿ ಕಾಮನ್‌ವೆಲ್ತ್ ಅಂತ ಅಚ್ಚಿದ್ದರೆ ಅದು ಯುದ್ಧದ ನಂತರದ್ದು. ಲೈನ್ ಮನೆಗಳ ಮೇಲೆ ಇರುವುದು ಅದೇ, ಜೊತೆಗೆ ಖಾನಾಪುರದ ಕಡೆಯ ಹಂಚು. ಹಂಚನ್ನು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಸಾಗಿಸುತ್ತಾರೆ, ಅದಕ್ಕೆ ಒಂದೆರಡು ನೋಡಿ ತೀರ್ಮಾನಕ್ಕೆ ಬರಬೇಡಿ. ಇಡೀ ಸಾಲು ಒಂದೇ ಅಚ್ಚಾದರೆ ನಂಬಿ.

ಮೂರನೆಯದೇ ವಹಿ. ಕರ್ನಾಟಕದ ಸಾಮಿಲ್ ಅಂದರೆ ಕಛ್ ಕಡೆಯ ಪಟೇಲರು ಅಂತ ಯಾರೂ ಹೇಳಿಕೊಡಬೇಕಿಲ್ಲ. ನಮ್ಮೂರಿನ ಮಿಲ್ಲೂ ಅವರದ್ದೇ. ಮನೆತನ ಈಗ ಬೇರೆ ಊರಿನಲ್ಲಿ ಪ್ಲೈವುಡ್ ಅಂಗಡಿ ಇಟ್ಟುಕೊಂಡಿದೆ. ಕೆಂಪು ಬಟ್ಟೆ ಹೊದಿಸಿದ ಉದ್ದ ವಹಿಗಳು ಅವರ ದೇವರ ಕೋಣೆಯಲ್ಲಿ ಇದ್ದವು, ವರ್ಷಕ್ಕೊಮ್ಮೆ ಪೂಜೆಗೆ ಮಾತ್ರ ಹೊರಗೆ. ಮನೆಯಿಂದ ಹೊರಗೆ ಒಯ್ಯಲು ಕೊಡಲಿಲ್ಲ. ಅಲ್ಲೇ ಕೂತು ಫೋಟೊ ತೆಗೆದುಕೊಳ್ಳಲು ಒಪ್ಪಿದರು. ಒಪ್ಪಿಸಿದ್ದು ಹೇಗೆ ಅಂತ ಕೇಳಬೇಡಿ. ಹಣ ಅಲ್ಲ, ಅಷ್ಟೇ ಹೇಳುತ್ತೇನೆ. ಓದಿಸಲು ಹುಬ್ಬಳ್ಳಿಯ ಒಬ್ಬ ನಿವೃತ್ತ ಗುಮಾಸ್ತರಿಗೆ ಎಂಟೋ ಒಂಬತ್ತೋ ಸಾವಿರ ಕೊಟ್ಟೆ. ಇಡೀ ಕೆಲಸದಲ್ಲಿ ಇಷ್ಟು ಸಾರ್ಥಕವಾದ ಖರ್ಚು ಇನ್ನೊಂದಿಲ್ಲ.

ವಹಿಯಲ್ಲಿ ಇರುವುದು ವಿಕ್ರಮ ಸಂವತ್. ಗುಜರಾತಿ ಲೆಕ್ಕದಲ್ಲಿ ವರ್ಷ ದೀಪಾವಳಿಯ ಮರುದಿನ ಶುರು. ಸುಮ್ನೆ 57 ಕಳೆದರೆ ವರ್ಷದ ಬಹುಭಾಗ ತಪ್ಪಾಗುತ್ತದೆ. ದೀಪಾವಳಿಯಿಂದ ಡಿಸೆಂಬರ್‌ವರೆಗೆ 57, ಜನವರಿಯಿಂದ ಮುಂದಿನ ದೀಪಾವಳಿವರೆಗೆ 56. ಸಂವತ್ 2008 ಅಂದರೆ 1951ರ ಕೊನೆ ಮತ್ತು 1952. ಕಛ್‌ನವರಲ್ಲಿ ಆಷಾಢದಿಂದ ವರ್ಷ ಎಣಿಸುವ ಪದ್ಧತಿಯೂ ಇತ್ತು, ಅದಕ್ಕೆ ವಹಿಯ ಮೊದಲ ಪುಟದ ತಿಥಿ ನೋಡದೆ ಮುಂದೆ ಹೋಗಬೇಡಿ.

ಇಷ್ಟೆಲ್ಲ ಸೇರಿಸಿದಾಗ ಊರು ಹೀಗೆ ನಿಂತಿತು.

ಮೊದಲು ಗುಂಡಿಗಳು. ಶೌಚಾಲಯದ ಗುಂಡಿ ತೆಗೆಯುವಾಗ ಮೂರು ಕಡೆ ಎರಡು ಮೂರು ಅಡಿ ಕೆಳಗೆ ಕಪ್ಪು, ಮೆದು ಪದರ ಸಿಕ್ಕಿತು. ಕೊಳೆತ ಮರದ ಹೊಟ್ಟು. ಬೂದಿ ಇಲ್ಲ, ಕಿಟ್ಟ ಇಲ್ಲ, ಅಂದರೆ ಬಾಯ್ಲರ್ ಇಲ್ಲದ ಕಾಲ. ಆಗ ಇಲ್ಲಿ ಜನ ಬೇಸಿಗೆಗೆ ಬಂದು ಮಳೆಗೆ ಮೊದಲು ಹೊರಡುತ್ತಿದ್ದರು ಅಂತ ನನ್ನ ಲೆಕ್ಕ, ಯಾಕೆಂದರೆ ಗುಂಡಿ ಗರಗಸದ ಹಲಗೆ ಇರುವ ಮನೆ ಊರಿನಲ್ಲಿ ಎರಡೇ. ಹುಬ್ಬಳ್ಳಿ–ಲೋಂಡಾ ಹಳಿ 1880ರ ದಶಕದಲ್ಲೇ ಬಂದಿತ್ತು, ಆದರೆ ದಿಮ್ಮಿಯನ್ನು ಎತ್ತಿನ ಗಾಡಿಯಲ್ಲಿ ಅಲ್ಲಿಯವರೆಗೆ ಮುಟ್ಟಿಸುವುದೇ ಖರ್ಚು. ಅಳ್ನಾವರ–ದಾಂಡೇಲಿ ಕವಲು ಹಳಿ ಬಂದದ್ದು ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ. ಅದು ಹಾಕಿದ್ದೇ ಕಾಡಿನ ಮರಕ್ಕೆ. ಹಳಿ ಬಂದ ಮೇಲೆ ದಿಮ್ಮಿ ಸಾಗಿಸುವ ಬದಲು ಇಲ್ಲೇ ಕೊಯ್ದು ಚೌಕ ಮಾಡಿ ಕಳಿಸಿದರೆ ವ್ಯಾಗನ್ನಿನಲ್ಲಿ ಜಾಸ್ತಿ ಮಾಲು ಹಿಡಿಯುತ್ತದೆ, ಸಿಪ್ಪೆಗೆ ಬಾಡಿಗೆ ಕಟ್ಟುವ ಗೋಳಿಲ್ಲ. ಆ ಸಿಪ್ಪೆಯೇ ಬಾಯ್ಲರಿಗೆ ಸೌದೆ. ಸ್ಟೀಮ್ ಇಂಜಿನ್ನು, 36 ಇಂಚಿನ ಬ್ಲೇಡು, ಕೆಳಗಿನ ಲೈನು ಎಲ್ಲ ಇದರ ಬೆನ್ನಿಗೆ, 1920ರ ದಶಕದಲ್ಲಿ ಬಂದವು. ಬಾಯ್ಲರ್ ಇರುವ ಮಿಲ್ಲಿಗೆ ವರ್ಷಪೂರ್ತಿ ಜನ ಬೇಕು. ಮಲಬಾರಿನ ಮಾಪಿಳ್ಳೆಗಳು, ಘಟ್ಟದ ಕೆಳಗಿನ ಕೊಂಕಣಿಗರು, ಬೆಳಗಾವಿ ಕಡೆಯ ಮರಾಠಿಗರು, ಧಾರವಾಡ ಕಡೆಯ ನಮ್ಮಂಥವರು ಹೀಗೆ ಇಲ್ಲಿ ನೆಲೆಯಾದರು. ಶಾಲೆಯ ಪುಸ್ತಕ ಇಲ್ಲಿ ಉಪಯೋಗಕ್ಕೆ ಬಂತು, ಅದರಲ್ಲಿ ಹುಟ್ಟಿದ ಊರಿನ ಕಾಲಂ ಇದೆ.

ಎರಡನೇ ಮಹಾಯುದ್ಧದ ಕಾಲ, ಸಂವತ್ 1998, 1999ರ ಪುಟಗಳು ದಪ್ಪ. ಸ್ಲೀಪರು, ಪೆಟ್ಟಿಗೆ ಹಲಗೆ, ಮತ್ತೆ ಸ್ಲೀಪರು. 48 ಇಂಚಿನ ಬ್ಲೇಡು ಆಗಲೇ ಬಂದದ್ದು. ಮೇಲಿನ ಕೇರಿ ಪೂರ್ತಿ ಆ ಬ್ಲೇಡಿನದ್ದು. ಬ್ಯಾಂಡ್‌ಸಾ ಬಂದದ್ದು 1950ರ ದಶಕದ ಮೊದಲ ಅರ್ಧದಲ್ಲಿ. ಯಾಕೆ ಆಗ? ಚಕ್ರ ಗರಗಸ ಒಂದು ಕೊಯ್ತಕ್ಕೆ ಕಾಲು ಇಂಚು ಮರ ತಿನ್ನುತ್ತದೆ. ನಾಲ್ಕು ಒಂದಿಂಚಿನ ಹಲಗೆ ತೆಗೆದರೆ ಐದನೆಯದು ಹೊಟ್ಟಾಗಿ ಹೋಯಿತು. ಮರ ಅಗ್ಗ ಇದ್ದಾಗ ಯಾರಿಗೂ ಚಿಂತೆ ಇರಲಿಲ್ಲ. ವಹಿಯಲ್ಲಿ ತೇಗದ ಹರಾಜಿನ ದರ ಏರಿದ ಎರಡು ವರ್ಷಕ್ಕೆ ಬ್ಯಾಂಡ್‌ಸಾದ ಮುಂಗಡ ಬರೆದಿದೆ. ಅದರ ಹಾಳೆ ತೆಳು, ಹೊಟ್ಟು ಕಡಿಮೆ.

1955ರಲ್ಲಿ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಂಪನಿ ಸ್ಥಾಪನೆಯಾಯಿತು. ತಿಂಗಳ ಸಂಬಳ, ಕ್ವಾರ್ಟರ್ಸು. ನಮ್ಮೂರಿನ ಒಳ್ಳೊಳ್ಳೆ ಫಿಟ್ಟರುಗಳೆಲ್ಲ ಅತ್ತ ನಡೆದರು. ಮರುವರ್ಷ ದಾಂಡೇಲಿ ಅಭಯಾರಣ್ಯ. ಆಮೇಲಿನದ್ದು ನಿಮಗೆ ಗೊತ್ತಿರುವ ಕಥೆಯೇ, ಪುಸ್ತಕದಲ್ಲೂ ನಾನು ಹತ್ತು ಪುಟ ಮೀರಿಸಿಲ್ಲ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೇಂದ್ರದ ಅನುಮತಿ ಇಲ್ಲದೆ ಅರಣ್ಯದೊಳಗೆ ಸಾಮಿಲ್ ನಡೆಸುವ ಹಾಗಿಲ್ಲ ಅಂತ ಆದೇಶ ಮಾಡಿತು. ನಮ್ಮ ಮಿಲ್ಲು ಇದ್ದದ್ದು ಗಡಿಕಲ್ಲಿನ ಯಾವ ಕಡೆ ಅಂತ ತಿಂಗಳುಗಟ್ಟಲೆ ಜಗಳ ನಡೆಯಿತು, ಜಗಳ ಮುಗಿಯುವ ಮೊದಲೇ ಮಿಲ್ಲು ನಿಂತಿತ್ತು. ಆ ಹೊತ್ತಿಗೆ ದಾಂಡೇಲಿಯ ಪ್ಯಾಸೆಂಜರ್ ರೈಲೂ ನಿಂತಿತ್ತು. ಅದು ಮತ್ತೆ ಓಡಿದ್ದು 2019ರಲ್ಲಿ. ಈಗಿನ ಹುಡುಗರು ಗಣೇಶಗುಡಿಯಲ್ಲಿ ರ‍್ಯಾಫ್ಟಿಂಗ್ ಗೈಡ್ ಆಗಿದ್ದಾರೆ, ಇಲ್ಲವೇ ರೆಸಾರ್ಟಿನಲ್ಲಿ.

ನಡುವೆ ಒಂದು ಅಡ್ಡದಾರಿ ಹಿಡಿದಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ತೇಗದಲ್ಲಿ ವರ್ಷಕ್ಕೊಂದು ಉಂಗುರ ಸ್ಪಷ್ಟವಾಗಿ ಬೀಳುತ್ತದೆ, ನಮ್ಮ ಕಡೆಯ ಬಹಳಷ್ಟು ಮರಗಳಲ್ಲಿ ಅಷ್ಟು ನಂಬಿಕೆಗೆ ಬರುವುದಿಲ್ಲ. ಕೆಡವಿದ ಮನೆಯ ತೊಲೆಯಿಂದ ಬಿಲ್ಲೆ ಕೊಯ್ಸಿ, ದಪ್ಪ ಕಾಗದದಿಂದ ಶುರು ಮಾಡಿ 400ರ ಮರಳು ಕಾಗದದವರೆಗೆ ಉಜ್ಜಿ, ಸ್ಕ್ಯಾನರ್ ಮೇಲಿಟ್ಟು ಎಣಿಸಿದೆ. ಸ್ಕ್ಯಾನರಿನ ಗಾಜು ಗೀರಾಗಿ ಅದಕ್ಕೊಂದು ಮೂರು ಸಾವಿರ. ಮರದ ವಯಸ್ಸು ಸಿಕ್ಕಿತು, ಒಂದರಲ್ಲಿ 140ರ ಹತ್ತಿರ. ಕಡಿದ ವರ್ಷ ಸಿಗಲಿಲ್ಲ. ಅದಕ್ಕೆ ಹೋಲಿಸಿ ನೋಡಲು ಇಸವಿ ಗೊತ್ತಿರುವ ಉಂಗುರಗಳ ಸರಣಿ ಬೇಕು, ತೊಗಟೆಯವರೆಗಿನ ಬಿಳಿ ಭಾಗವೂ ಉಳಿದಿರಬೇಕು. ಬಡಗಿ ಆ ಬಿಳಿಯನ್ನು ಮೊದಲೇ ಕಿತ್ತು ಬರೀ ಒಳಗಿನ ಗಟ್ಟಿ ಚೇಗು ಇಟ್ಟಿರುತ್ತಾನೆ, ಗೆದ್ದಲಿನ ಹೆದರಿಕೆಗೆ. ಆದರೂ ಒಂದು ಲಾಭ ಆಯಿತು. ಕೆಳಗಿನ ಲೈನಿನ ತೊಲೆಯಲ್ಲಿ ಉಂಗುರ ಒತ್ತೊತ್ತು, ಮೇಲಿನ ಕೇರಿಯ ಕೊನೆಯ ಮನೆಗಳಲ್ಲಿ ಅಗಲ ಅಗಲ. ಮೊದಲನೆಯದು ಕಾಡಿನ ಮರ, ಎರಡನೆಯದು ಪ್ಲಾಂಟೇಶನ್ನಿನದ್ದು. ಗೀರಿನ ಕ್ರಮಕ್ಕೆ ಇದು ಒಪ್ಪಿತು. ಮೆಟಲ್ ಡಿಟೆಕ್ಟರ್ ಬಾಡಿಗೆಗೆ ತಂದದ್ದು ಮಾತ್ರ ಪೂರ್ತಿ ದಂಡ. ಮಿಲ್ಲಿದ್ದ ಜಾಗದಲ್ಲಿ ಕಾಲಿಟ್ಟಲ್ಲೆಲ್ಲ ಮೊಳೆ, ಅದು ಒಂದೇ ಸಮ ಕೂಗುತ್ತಿತ್ತು.

ಖರ್ಚು ಕೇಳುತ್ತೀರಿ ಅಂತ ಗೊತ್ತು. ಓಡಾಟ, ಓದಿಸಿದ್ದು, ಕಾಗದ, ಸ್ಕ್ಯಾನರು ಎಲ್ಲ ಅರವತ್ತು ಸಾವಿರದ ಸುತ್ತಮುತ್ತ. ಅಚ್ಚಿಗೆ ಮುನ್ನೂರು ಪ್ರತಿಗೆ ಮೂವತ್ತು ಸಾವಿರ ದಾಟಿತು, ಗೀರಿನ ಅಚ್ಚುಗಳ ಚಿತ್ರ ದೊಡ್ಡದಾಗಿ ಬೇಕು ಅಂತ ಹಟ ಹಿಡಿದದ್ದರಿಂದ. ಬೆಲೆ 150 ಇಟ್ಟೆ. ಅರ್ಧ ಪ್ರತಿ ಖರ್ಚಾಗಿದೆ, ಅದರಲ್ಲೂ ಅರ್ಧ ಮದುವೆ ಮುಂಜಿಗೆ ಉಡುಗೊರೆ ಹೋದದ್ದು. ಅಸಲು ಬರುವುದಿಲ್ಲ. ಮುಂಬಯಿಗೆ ಹೋಗುವ ಮೊದಲೇ ಅಟ್ಟ ಹತ್ತಿದ್ದರೆ ಕಾಲು ಭಾಗ ಉಳಿಯುತ್ತಿತ್ತು.

ಬಳಗದಲ್ಲಿ ಎದ್ದ ಒಂದೇ ಗಟ್ಟಿ ಆಕ್ಷೇಪ ಇದು: ಹಳೆ ಹಲಗೆ ತಂದು ಹೊಸ ಮನೆಗೆ ಹೊಡೆದಿದ್ದರೆ? ನಿಜ, ಹಾಗೆ ಮಾಡುತ್ತಾರೆ. ಅದಕ್ಕೆ ಮೊಳೆ ತೂತು ನೋಡಬೇಕು. ಎರಡನೇ ಸಲ ಹೊಡೆದ ಹಲಗೆಯಲ್ಲಿ ಮೊಳೆ ಇಲ್ಲದ ತೂತುಗಳ ಒಂದು ಸಾಲು ಇದ್ದೇ ಇರುತ್ತದೆ. ಅಂಥ ಹಲಗೆಗಳನ್ನು ನಾನು ಲೆಕ್ಕದಿಂದ ಹೊರಗಿಟ್ಟೆ, ಐದರಲ್ಲಿ ಒಂದರಷ್ಟು ಹೋಯಿತು. ಉಳಿದದ್ದು ಸಾಕಾಯಿತು. ಇದನ್ನು ಸಭೆಯಲ್ಲಿ ತೋರಿಸಿದ ಮೇಲೆ ಎದುರಿನವರು ಚಕಾರ ಎತ್ತಲಿಲ್ಲ. ಸ್ವಲ್ಪ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ನೀವು ಶುರು ಮಾಡುವುದಾದರೆ ಬೇಗ ಮಾಡಿ. ರೆಸಾರ್ಟಿಗೆ ಅಂತ ಹಳೆ ಹಲಗೆ ಕೊಳ್ಳುವ ದಲ್ಲಾಳಿಗಳು ಹಳ್ಳಿ ಹಳ್ಳಿ ತಿರುಗುತ್ತಿದ್ದಾರೆ. ಒಯ್ದ ಮೇಲೆ ಮೊದಲು ಮಾಡುವ ಕೆಲಸ ಪ್ಲೇನರ್ ಹೊಡೆಯುವುದು. ನಮ್ಮ ಮೇಲಿನ ಕೇರಿಯಲ್ಲಿ ಎರಡು ಅಟ್ಟ ಹಾಗೇ ಹೋದವು. ಅಚ್ಚು ತೆಗೆಯಲು ಒಂದು ದಿನ ಬಿಡಿ ಅಂತ ಮನೆಯವರನ್ನು ಕೇಳಿದೆ. ಲಾರಿ ಬೆಳಿಗ್ಗೆಯೇ ಬಂದಿತ್ತು.

ಇನ್ನೊಂದು ಮಾತು. ಊರ ಹೊರಗಿನ ಎರಡು ಮನೆಯಲ್ಲಿ ಬಾಗಿದ ಗೀರು ಇದೆ, ಲೆಕ್ಕ ಹಾಕಿದರೆ ಬ್ಲೇಡು 60 ಇಂಚಿನ ಹತ್ತಿರ ಬರುತ್ತದೆ. ಹಲಗೆ ಹದಿನಾರು ಇಂಚು ಅಗಲ, ಹಾಗಾಗಿ ಅಳತೆಯಲ್ಲಿ ಅಷ್ಟು ತಪ್ಪಿರಲಾರದು. ಅಂಥ ಬ್ಲೇಡು ತಿರುಗಿಸುವ ಇಂಜಿನ್ನು ನಮ್ಮೂರಿನಲ್ಲಿ ಇರಲಿಲ್ಲ. ವಹಿಯಲ್ಲೂ ಇಲ್ಲ. ತೇಗವೂ ಅಲ್ಲ, ನಂದಿ ಮರ. ಹಳಿಯಾಳ, ಲೋಂಡಾ, ಖಾನಾಪುರ, ಯಲ್ಲಾಪುರದ ಕಡೆ ಯಾರಿಗಾದರೂ ಅಷ್ಟು ದೊಡ್ಡ ಬಾಗು ಕಂಡರೆ ದಾರ ಹಿಡಿದು ಅಳೆದಿಡಿ. ದಾರದ ಉದ್ದ, ಉಬ್ಬು, ಮರ ಯಾವುದು, ಆಳದ ಗೀರುಗಳ ನಡುವಿನ ಅಂತರ, ಈ ನಾಲ್ಕು ಬರೆದಿಟ್ಟರೆ ಸಾಕು. ನಮ್ಮ ಎರಡು ಮನೆಯಲ್ಲಿ ಆ ಅಂತರ ಒಂದು ಇಂಚಿಗೆ ಸ್ವಲ್ಪ ಕಮ್ಮಿ.